ತುತ್ತಿನ ಲೆಕ್ಕ

1958ನೆಯ ಇಸವಿಯ ಬೇಸಗೆ. ಕೇರಳದ ಕೆಲವು ಊರುಗಳಲ್ಲಿ ಜನರು ಎಂದಿನಂತೆ ಅಂಗಡಿಯಿಂದ ಗೋಧಿಹಿಟ್ಟನ್ನು ತಂದರು. ಎಂದಿನಂತೆ ಅದರಿಂದ ತಿನಿಸುಗಳನ್ನು ಮಾಡಿಕೊಂಡು ಉಂಡರು. ಆ ಹಿಟ್ಟಿನಲ್ಲಿ ಮೃತ್ಯು ಅಡಗಿದೆಯೆಂದು ಅವರಲ್ಲಿ ಯಾರೂ ಊಹಿಸಿರಲಿಲ್ಲ. ಉಂಡ ಸ್ವಲ್ಪ ಕಾಲದಲ್ಲಿಯೇ ಮನೆಮನೆಗಳಲ್ಲಿ ವಾಂತಿ, ಬೆವರು, ಉಸಿರಾಟದ ಬಾಧೆ ಕಾಣಿಸಿಕೊಂಡವು. ಆಸ್ಪತ್ರೆಗಳು ರೋಗಿಗಳಿಂದ ತುಂಬಿದವು. ನೂರಕ್ಕೂ ಹೆಚ್ಚು ಮಂದಿ ಪ್ರಾಣ ಕಳೆದುಕೊಂಡರು. ವಿಚಾರಣೆ ನಡೆದಾಗ ಕಾರಣವು ಹೊರಬಿದ್ದಿತು. ಹಡಗಿನಲ್ಲಿ ಆಹಾರ ಪದಾರ್ಥಗಳ ಚೀಲಗಳೊಡನೆ ಪ್ಯಾರಾಥಿಯಾನ್ ಎಂಬ ಉಗ್ರವಾದ ಕೀಟನಾಶಕವನ್ನೂ ಸಾಗಿಸಲಾಗಿತ್ತು. ಆ ಔಷಧವು ಸೋರಿ ಚೀಲಗಳಿಗೆ ತಗುಲಿ, ಒಳಗಿದ್ದ ಹಿಟ್ಟನ್ನು ವಿಷವನ್ನಾಗಿ ಮಾಡಿತ್ತು.

ಈ ದುರಂತವು ದೇಶದ ಕಣ್ಣು ತೆರೆಯಿಸಿತು. ಕೀಟನಾಶಕಗಳನ್ನು ಯಾರು ಬೇಕಾದರೂ ತಯಾರಿಸಿ, ಹೇಗೆ ಬೇಕಾದರೂ ಸಾಗಿಸಿ, ಎಲ್ಲಿ ಬೇಕಾದರೂ ಮಾರುವಂತಿರಬಾರದು ಎಂಬ ಅರಿವು ಮೂಡಿತು. ಸರ್ಕಾರವು ನೇಮಿಸಿದ ವಿಚಾರಣಾ ಆಯೋಗವೂ ಅನಂತರದ ತಜ್ಞರೂ ನೀಡಿದ ಸಲಹೆಗಳ ಫಲವಾಗಿ ಸಂಸತ್ತು 1968ರಲ್ಲಿ ಕೀಟನಾಶಕಗಳ ಅಧಿನಿಯಮವನ್ನು ಅಂಗೀಕರಿಸಿತು. ಅದು 1971ರಲ್ಲಿ ಜಾರಿಗೆ ಬಂದಿತು. ಇದರಿಂದ ಪ್ರತಿಯೊಂದು ಕೀಟನಾಶಕವನ್ನೂ ನೋಂದಾಯಿಸುವುದು, ಮಾರುವವನು ಪರವಾನಗಿ ಪಡೆಯುವುದು, ಡಬ್ಬಿಯ ಮೇಲೆ ಎಚ್ಚರಿಕೆಯ ಗುರುತನ್ನು ಅಚ್ಚು ಮಾಡುವುದು ಕಡ್ಡಾಯವಾದವು.

ಆದರೆ ಎಲ್ಲ ವಿಷವೂ ಹೀಗೆ ಸದ್ದು ಮಾಡಿಕೊಂಡು ಬರುವುದಿಲ್ಲ. ಕೇರಳದಲ್ಲಿ ಅಪಘಾತದಿಂದ ಹೆಚ್ಚು ಪ್ರಮಾಣದ ವಿಷವು ಒಂದೇ ಹೊತ್ತಿನ ಊಟದಲ್ಲಿ ಸೇರಿತು. ಕೇಡು ಕೂಡಲೇ ಕಣ್ಣಿಗೆ ಕಂಡಿತು. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಪ್ರಶ್ನೆಯಿದೆ. ಹೊಲದಲ್ಲಿ ಬೆಳೆಗೆ ಸಿಂಪಡಿಸಿದ ಔಷಧದ ಅತ್ಯಲ್ಪ ಭಾಗವೊಂದು ಕಾಳಿನಲ್ಲಿಯೋ ಕಾಯಿಯಲ್ಲಿಯೋ ಉಳಿದು ದಿನವೂ ಊಟದ ಎಲೆಗೆ ಬಂದರೆ ಏನಾಗುತ್ತದೆ? ಅದು ಕಣ್ಣಿಗೆ ಕಾಣದು, ನಾಲಗೆಗೆ ತಿಳಿಯದು, ತಿಂದ ದಿನ ಯಾರಿಗೂ ಏನೂ ಆಗದು. ಹಾಗೆಂದು ಅದನ್ನು ಮರೆತುಬಿಡಬಹುದೇ? ಅಥವಾ ಅದಕ್ಕೆ ಹೆದರಿ ಹಣ್ಣು ತರಕಾರಿಗಳನ್ನೇ ತೊರೆಯಬೇಕೇ? ಈ ಎರಡು ದಾರಿಗಳಲ್ಲಿ ಯಾವುದೂ ವಿವೇಕದ ದಾರಿಯಲ್ಲ. ಇವೆರಡರ ನಡುವೆ ಲೆಕ್ಕದ ದಾರಿ ಒಂದಿದೆ. ತುತ್ತು ತುತ್ತನ್ನೂ ಅಳೆದು, ತೂಗಿ, ಉಣ್ಣುವವನ ಒಡಲಿಗೆ ಸೇರುವ ವಿಷವೆಷ್ಟು ಎಂದು ಎಣಿಸುವ ದಾರಿ ಅದು.

ಬೆಳೆಯನ್ನು ಕಾಡುವ ಹುಳು, ಶಿಲೀಂಧ್ರ, ಕಳೆ, ಇಲಿ ಮೊದಲಾದುವನ್ನು ನಾಶ ಮಾಡಲು ಬಳಸುವ ರಾಸಾಯನಿಕಗಳನ್ನೆಲ್ಲ ಒಟ್ಟಾಗಿ ಜನರು ಕೀಟನಾಶಕಗಳೆಂದೇ ಕರೆಯುವುದು ರೂಢಿ. ಸಿಂಪಡಿಸಿದ ಔಷಧದ ಬಹುಭಾಗವು ಬಿಸಿಲು, ಗಾಳಿ, ಮಳೆಗಳಿಂದಲೂ ಗಿಡದ ಜೀವಕ್ರಿಯೆಯಿಂದಲೂ ಕ್ರಮೇಣ ನಶಿಸಿ ಹೋಗುತ್ತದೆ. ಹಾಗೆ ನಶಿಸದೆ ಆಹಾರ ಪದಾರ್ಥದಲ್ಲಿ ಉಳಿದ ಭಾಗಕ್ಕೆ ಶೇಷಾಂಶವೆಂದು ಹೆಸರು. ಮೂಲ ಔಷಧವು ಒಡೆದು ಹುಟ್ಟಿದ ಬೇರೆ ರಾಸಾಯನಿಕಗಳೂ ಕೆಲವೊಮ್ಮೆ ವಿಷಕಾರಿಗಳಾಗಿರುವುದರಿಂದ ಅವುಗಳನ್ನೂ ಶೇಷಾಂಶದಲ್ಲಿಯೇ ಸೇರಿಸಿ ಎಣಿಸುತ್ತಾರೆ.

ರೈತನು ಕೀಟನಾಶಕವನ್ನು ಬಳಸುವುದು ಯಾರಿಗೂ ಕೇಡು ಬಯಸಿ ಅಲ್ಲ. ವರ್ಷವೆಲ್ಲ ದುಡಿದು ಬೆಳೆದ ಬೆಳೆಯು ಕಣ್ಣೆದುರಿಗೇ ಹುಳುವಿನ ಪಾಲಾಗುವುದನ್ನು ಅವನು ಹೇಗೆ ಸಹಿಸಿಯಾನು? ಕಣಜದಲ್ಲಿಟ್ಟ ಧಾನ್ಯಕ್ಕೂ ನುಸಿ ಹಿಡಿಯುತ್ತದೆ. ಆದುದರಿಂದಲೇ ಡಿ.ಡಿ.ಟಿ.ಯು ಬಂದಾಗ ಜಗತ್ತು ಅದನ್ನು ವರವೆಂದು ಭಾವಿಸಿತು. 1874ರಲ್ಲಿಯೇ ಪ್ರಯೋಗಶಾಲೆಯಲ್ಲಿ ತಯಾರಾಗಿದ್ದ ಈ ರಾಸಾಯನಿಕಕ್ಕೆ ಕೀಟಗಳನ್ನು ಕೊಲ್ಲುವ ಶಕ್ತಿಯಿದೆಯೆಂದು 1939ರಲ್ಲಿ ಕಂಡುಹಿಡಿದವನು ಸ್ವಿಟ್ಜರ್ಲೆಂಡಿನ ಪಾಲ್ ಮುಲ್ಲರ್. ಮಲೇರಿಯವನ್ನು ಹರಡುವ ಸೊಳ್ಳೆಗಳನ್ನೂ ಟೈಫಸ್ ಜ್ವರವನ್ನು ಹರಡುವ ಹೇನುಗಳನ್ನೂ ಅದು ಅಡಗಿಸಿತು. ಅಸಂಖ್ಯಾತ ಜೀವಗಳನ್ನು ಉಳಿಸಿತು. ಮುಲ್ಲರನಿಗೆ 1948ರಲ್ಲಿ ನೊಬೆಲ್ ಪಾರಿತೋಷಕವು ಲಭಿಸಿತು.

ಆದರೆ ಡಿ.ಡಿ.ಟಿ.ಯ ಗುಣವೇ ಅದರ ದೋಷವೂ ಆಯಿತು. ಅದು ಬೇಗನೆ ನಶಿಸುವುದಿಲ್ಲ. ನೀರಿನಲ್ಲಿ ಕರಗದೆ ಕೊಬ್ಬಿನಲ್ಲಿ ಕರಗುತ್ತದೆ. ಮೇವಿನಲ್ಲಿದ್ದ ಲವಲೇಶವು ಹಸುವಿನ ಒಡಲನ್ನು ಸೇರಿ ಹಾಲಿಗೆ ಬರುತ್ತದೆ. ಹಾಲಿನಿಂದ ಬೆಣ್ಣೆಗೆ, ಬೆಣ್ಣೆಯಿಂದ ತುಪ್ಪಕ್ಕೆ ಸಾಗುತ್ತದೆ. ಉಂಡವರ ಮೈಯ ಕೊಬ್ಬಿನಲ್ಲಿ ವರ್ಷಗಟ್ಟಲೆ ನೆಲಸುತ್ತದೆ. ತಾಯಿಯ ಎದೆಹಾಲಿನಲ್ಲಿಯೂ ಅದು ಕಂಡುಬಂದಿತು. ಹನಿಹನಿಗೂಡಿದರೆ ಹಳ್ಳ, ತೆನೆತೆನೆಗೂಡಿದರೆ ಬಳ್ಳ ಎಂಬ ಗಾದೆಯು ಒಳಿತಿಗೆ ಹೇಗೋ ಕೆಡುಕಿಗೂ ಹಾಗೆಯೇ ಅನ್ವಯಿಸುತ್ತದೆ. ಅಮೆರಿಕದ ಜೀವವಿಜ್ಞಾನಿ ರೇಚೆಲ್ ಕಾರ್ಸನ್ 1962ರಲ್ಲಿ ಪ್ರಕಟಿಸಿದ ‘ಸೈಲೆಂಟ್ ಸ್ಪ್ರಿಂಗ್’ ಎಂಬ ಗ್ರಂಥವು ಈ ಅಪಾಯವನ್ನು ಜನಸಾಮಾನ್ಯರಿಗೆ ಮನಗಾಣಿಸಿತು. ಅಮೆರಿಕವು 1972ರಲ್ಲಿ ಡಿ.ಡಿ.ಟಿ.ಯ ಸಾಮಾನ್ಯ ಬಳಕೆಯನ್ನು ನಿಲ್ಲಿಸಿತು. ಭಾರತವು 1989ರಲ್ಲಿ ಬೇಸಾಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು.

ವಿಷವೆಂದರೇನು ಎಂಬ ಪ್ರಶ್ನೆಗೆ ಉತ್ತರವು ತೋರುವಷ್ಟು ಸುಲಭವಲ್ಲ. ಅತಿಯಾದರೆ ಅಮೃತವೂ ವಿಷ ಎಂಬುದು ನಾಡಿನ ಹಿರಿಯರ ಮಾತು. ಹದಿನಾರನೆಯ ಶತಮಾನದ ಯೂರೋಪಿನ ವೈದ್ಯ ಪ್ಯಾರಾಸೆಲ್ಸಸ್ ಸಹ ಇದೇ ತತ್ತ್ವವನ್ನು ಎತ್ತಿ ಹಿಡಿದನು. ಉಪ್ಪಿಲ್ಲದೆ ಊಟವಿಲ್ಲ; ಆದರೆ ಬೊಗಸೆ ತುಂಬ ಉಪ್ಪನ್ನು ನುಂಗಿದವನು ಬದುಕುವುದು ಕಷ್ಟ. ಆದುದರಿಂದ ಆಹಾರದಲ್ಲಿ ಕೀಟನಾಶಕವಿದೆಯೇ ಎಂದು ಕೇಳಿದರೆ ಅರ್ಧ ಪ್ರಶ್ನೆಯನ್ನು ಕೇಳಿದಂತಾಯಿತು. ಎಷ್ಟಿದೆ? ಆ ಆಹಾರವನ್ನು ಎಷ್ಟು ತಿನ್ನುತ್ತಾರೆ? ತಿನ್ನುವವರು ಯಾರು? ಈ ಮೂರನ್ನೂ ಸೇರಿಸಿ ಕೇಳಿದಾಗಲೇ ಪ್ರಶ್ನೆಯು ಪೂರ್ಣವಾಗುವುದು.

ಮೊದಲನೆಯ ಪ್ರಶ್ನೆಗೆ ಉತ್ತರ ಹೇಳಬೇಕಾದುದು ಪ್ರಯೋಗಶಾಲೆ. ಅಲ್ಲಿ ಆಹಾರವನ್ನು ಅರೆದು, ತಕ್ಕ ದ್ರಾವಕದಿಂದ ಶೇಷಾಂಶವನ್ನು ಬೇರ್ಪಡಿಸಿ, ಕ್ರೊಮಟೋಗ್ರಫಿ ಎಂಬ ವಿಧಾನದಿಂದ ಅದರಲ್ಲಿರುವ ರಾಸಾಯನಿಕಗಳನ್ನು ಒಂದೊಂದಾಗಿ ಗುರುತಿಸುತ್ತಾರೆ. 1957ರಲ್ಲಿ ಇಂಗ್ಲೆಂಡಿನ ಜೇಮ್ಸ್ ಲವ್‌ಲಾಕ್ ರೂಪಿಸಿದ ಒಂದು ಸೂಕ್ಷ್ಮ ಸಾಧನವು ಡಿ.ಡಿ.ಟಿ.ಯಂತಹ ವಸ್ತುಗಳ ಅತ್ಯಲ್ಪ ಅಂಶವನ್ನೂ ಪತ್ತೆ ಹಚ್ಚಲು ನೆರವಾಯಿತು. ಶೇಷಾಂಶವನ್ನು ಒಂದು ಕಿಲೋಗ್ರಾಂ ಆಹಾರಕ್ಕೆ ಇಷ್ಟು ಮಿಲಿಗ್ರಾಂ ಎಂದು ಹೇಳುವುದು ಪದ್ಧತಿ. ಒಂದು ಮಿಲಿಗ್ರಾಂ ಎಂದರೆ ಎಷ್ಟು? ಹತ್ತು ಕ್ವಿಂಟಲ್ ಅಕ್ಕಿಯಲ್ಲಿ ಒಂದೇ ಒಂದು ಗ್ರಾಂ ಔಷಧವು ಸಮನಾಗಿ ಬೆರೆತಿದ್ದರೆ ಅದು ಕಿಲೋಗ್ರಾಮಿಗೆ ಒಂದು ಮಿಲಿಗ್ರಾಂ ಆಗುತ್ತದೆ. ಇದರ ನೂರನೆಯ ಒಂದು ಭಾಗವನ್ನೂ ಇಂದಿನ ಉಪಕರಣಗಳು ಅಳೆಯಬಲ್ಲವು. ಎಂದರೆ ಸಾವಿರ ಕ್ವಿಂಟಲಿನಲ್ಲಿ ಒಂದು ಗ್ರಾಂ!

ಉಪಕರಣಕ್ಕೂ ಒಂದು ಎಲ್ಲೆಯುಂಟು. ಆ ಎಲ್ಲೆಗಿಂತ ಕಡಿಮೆಯಿದ್ದರೆ ಶೇಷಾಂಶವು ಕಂಡುಬಂದಿಲ್ಲ ಎಂದು ವರದಿಯಲ್ಲಿ ಬರೆಯುತ್ತಾರೆ. ಕಂಡುಬಂದಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ. ಕತ್ತಲೆಯ ಕೋಣೆಯಲ್ಲಿ ಸೂಜಿ ಕಾಣದಿದ್ದರೆ ಸೂಜಿಯೇ ಇಲ್ಲವೆಂದು ಹೇಳಲಾಗದಷ್ಟೆ. ಆದುದರಿಂದ ಎಚ್ಚರಿಕೆಯುಳ್ಳ ವಿಜ್ಞಾನಿಗಳು ಅಂತಹ ಕಡೆ ಸೊನ್ನೆಯನ್ನು ಹಾಕಿ ಒಮ್ಮೆ, ಉಪಕರಣದ ಎಲ್ಲೆಯಷ್ಟನ್ನೇ ಹಾಕಿ ಮತ್ತೊಮ್ಮೆ ಲೆಕ್ಕ ಮಾಡುತ್ತಾರೆ. ಸತ್ಯವು ಈ ಎರಡು ಲೆಕ್ಕಗಳ ನಡುವೆ ಎಲ್ಲಿಯೋ ಇರುತ್ತದೆ.

ಎರಡನೆಯ ಪ್ರಶ್ನೆಗೆ ಉತ್ತರ ದೊರೆಯುವುದು ಪ್ರಯೋಗಶಾಲೆಯಲ್ಲಿ ಅಲ್ಲ, ಅಡುಗೆಮನೆಯಲ್ಲಿ. ಜನರು ಯಾವ ಆಹಾರವನ್ನು ಎಷ್ಟು ತಿನ್ನುತ್ತಾರೆಂಬುದನ್ನು ಊಹೆಯಿಂದ ಹೇಳುವುದು ಸಲ್ಲದು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ ಆಶ್ರಯದಲ್ಲಿ 1972ರಲ್ಲಿ ಆರಂಭವಾದ ಸಮೀಕ್ಷಾ ವ್ಯವಸ್ಥೆಯು ಕರ್ನಾಟಕವೂ ಸೇರಿದಂತೆ ಹಲವು ರಾಜ್ಯಗಳಲ್ಲಿ ದಶಕಗಳ ಕಾಲ ಈ ಕೆಲಸವನ್ನು ನಡೆಸಿತು. ಅದರ ಕಾರ್ಯಕರ್ತರು ತಕ್ಕಡಿಯನ್ನು ಹಿಡಿದು ಹಳ್ಳಿಯ ಮನೆಗಳಿಗೆ ಹೋಗಿ, ಒಲೆಯ ಮೇಲೆ ಇಡುವುದಕ್ಕೆ ಮೊದಲು ಅಕ್ಕಿ, ಬೇಳೆ, ಸೊಪ್ಪು, ತರಕಾರಿಗಳನ್ನು ತೂಗಿ ಬರೆದುಕೊಂಡರು. ಮನೆಯಲ್ಲಿ ಯಾರು ಎಷ್ಟು ಉಂಡರೆಂಬುದನ್ನೂ ದಾಖಲೆ ಮಾಡಿದರು. ಪೌಷ್ಟಿಕತೆಯನ್ನು ತಿಳಿಯಲು ಮಾಡಿದ ಇಂತಹ ದಾಖಲೆಯೇ ವಿಷದ ಲೆಕ್ಕಕ್ಕೂ ಆಧಾರವಾಗಬಲ್ಲದು.

ಊಟದ ಕ್ರಮವು ಊರಿನಿಂದ ಊರಿಗೆ ಬೇರೆಯಾಗುವುದು ಎಲ್ಲರೂ ಬಲ್ಲ ವಿಷಯ. ಹಳೆಯ ಮೈಸೂರಿನ ಕಡೆ ರಾಗಿಯ ಮುದ್ದೆ, ಉತ್ತರ ಕರ್ನಾಟಕದಲ್ಲಿ ಜೋಳದ ರೊಟ್ಟಿ, ಕರಾವಳಿಯಲ್ಲಿ ಅನ್ನ ಮತ್ತು ಮೀನು. ಅಕ್ಕಿಯಲ್ಲಿ ಯಾವುದೋ ಔಷಧದ ಶೇಷಾಂಶವಿದೆಯೆಂದು ಭಾವಿಸಿದರೆ, ಮೂರು ಹೊತ್ತೂ ಅನ್ನ ಉಣ್ಣುವ ಕರಾವಳಿಯವನಿಗೆ ಅದು ದೊಡ್ಡ ಸಂಗತಿ. ರೊಟ್ಟಿಯನ್ನೇ ನೆಚ್ಚಿದ ವಿಜಾಪುರದವನಿಗೆ ಅದು ಚಿಕ್ಕ ಸಂಗತಿ. ಇಬ್ಬರ ಸರಾಸರಿಯನ್ನು ತೆಗೆದು ಎಲ್ಲರೂ ಕ್ಷೇಮವೆಂದು ಹೇಳಿದರೆ ಅದು ಒಬ್ಬನ ಮಟ್ಟಿಗೆ ಸುಳ್ಳಾಗಬಹುದು. ಆದುದರಿಂದಲೇ ಈ ಲೆಕ್ಕದಲ್ಲಿ ಸರಾಸರಿ ಉಣ್ಣುವವನನ್ನು ಮಾತ್ರವಲ್ಲದೆ, ಆ ಒಂದು ಆಹಾರವನ್ನು ಬಹಳವಾಗಿ ಉಣ್ಣುವವನನ್ನೂ ಗಮನಿಸುತ್ತಾರೆ.

ಮೂರನೆಯ ಪ್ರಶ್ನೆ ಉಣ್ಣುವವರನ್ನು ಕುರಿತುದು. ಒಬ್ಬ ಮನುಷ್ಯನು ದಿನವೂ, ಬಾಳಿನುದ್ದಕ್ಕೂ ಸೇವಿಸಿದರೂ ಗಮನಾರ್ಹವಾದ ಕೇಡಾಗದೆಂದು ನಂಬಬಹುದಾದ ಪ್ರಮಾಣವನ್ನು ಸ್ವೀಕಾರಾರ್ಹ ದೈನಂದಿನ ಸೇವನೆ ಎಂದು ಕರೆಯುತ್ತಾರೆ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ, ವಿಶ್ವ ಆರೋಗ್ಯ ಸಂಸ್ಥೆ ಇವೆರಡೂ ಕೂಡಿ ನಡೆಸುವ ತಜ್ಞರ ಸಭೆಯು 1963ರಿಂದ ಇಂತಹ ಪ್ರಮಾಣಗಳನ್ನು ವಿಚಾರ ಮಾಡುತ್ತ ಬಂದಿದೆ. ಪ್ರಾಣಿಗಳಿಗೆ ಬೇರೆ ಬೇರೆ ಪ್ರಮಾಣದಲ್ಲಿ ಔಷಧವನ್ನು ದೀರ್ಘಕಾಲ ಕೊಟ್ಟು, ಯಾವ ಕೇಡನ್ನೂ ಮಾಡದ ಅತ್ಯಧಿಕ ಪ್ರಮಾಣವನ್ನು ಗುರುತಿಸುತ್ತಾರೆ. ಪ್ರಾಣಿಗಿಂತ ಮನುಷ್ಯನು ಹೆಚ್ಚು ಸೂಕ್ಷ್ಮನಾಗಿರಬಹುದೆಂದು ಅದನ್ನು ಹತ್ತರಿಂದ ಭಾಗಿಸುತ್ತಾರೆ. ಮನುಷ್ಯರಲ್ಲಿಯೂ ಕೆಲವರು ಇತರರಿಗಿಂತ ದುರ್ಬಲರಿರಬಹುದೆಂದು ಮತ್ತೆ ಹತ್ತರಿಂದ ಭಾಗಿಸುತ್ತಾರೆ. ಹೀಗೆ ಸಾಮಾನ್ಯವಾಗಿ ನೂರರಲ್ಲಿ ಒಂದು ಪಾಲನ್ನು ಮಾತ್ರ ಮನುಷ್ಯನಿಗೆ ಒಪ್ಪುತ್ತಾರೆ. ಆ ಪಾಲನ್ನು ದೇಹದ ತೂಕದ ಪ್ರತಿಯೊಂದು ಕಿಲೋಗ್ರಾಮಿಗೆ ಇಷ್ಟೆಂದು ಹೇಳುತ್ತಾರೆ.

ಲೆಕ್ಕವನ್ನು ಒಂದು ಉದಾಹರಣೆಯಿಂದ ತಿಳಿಯಬಹುದು. ಇಲ್ಲಿರುವ ಅಂಕಿಗಳು ವಿವರಣೆಗಾಗಿ ಕಲ್ಪಿಸಿದವು. ಒಂದು ಔಷಧದ ಸ್ವೀಕಾರಾರ್ಹ ಸೇವನೆಯು ದೇಹದ ತೂಕದ ಕಿಲೋಗ್ರಾಮಿಗೆ ದಿನಕ್ಕೆ 0.01 ಮಿಲಿಗ್ರಾಂ ಎಂದು ಇಟ್ಟುಕೊಳ್ಳಬಹುದು. ಅದರ ಶೇಷಾಂಶವು ಒಂದು ಕಿಲೋಗ್ರಾಂ ಅನ್ನದಲ್ಲಿ 0.05, ತರಕಾರಿಯಲ್ಲಿ 0.5, ಹಾಲಿನಲ್ಲಿ 0.05 ಮಿಲಿಗ್ರಾಂ ಇದೆಯೆನ್ನಿ. ಮನೆಯಲ್ಲಿ 60 ಕಿಲೋಗ್ರಾಂ ತೂಕದ ತಂದೆ. 12 ಕಿಲೋಗ್ರಾಂ ತೂಕದ, ಎರಡು ಮೂರು ವರ್ಷದ ಮಗು. ತಂದೆಯು ದಿನಕ್ಕೆ 400 ಗ್ರಾಂ ಅನ್ನ, 180 ಗ್ರಾಂ ತರಕಾರಿ, 200 ಗ್ರಾಂ ಹಾಲನ್ನು ಸೇವಿಸುತ್ತಾನೆ. ಆತನಿಗೆ ಅನ್ನದಿಂದ 0.02, ತರಕಾರಿಯಿಂದ 0.09, ಹಾಲಿನಿಂದ 0.01, ಒಟ್ಟು 0.12 ಮಿಲಿಗ್ರಾಂ ಸೇರುತ್ತದೆ. ಅದನ್ನು 60ರಿಂದ ಭಾಗಿಸಿದರೆ ಕಿಲೋಗ್ರಾಮಿಗೆ 0.002 ಮಿಲಿಗ್ರಾಂ. ಇದು ಮಿತಿಯ ಐದರಲ್ಲಿ ಒಂದು ಪಾಲು.

ಇನ್ನು ಮಗು. ಅದು 200 ಗ್ರಾಂ ಅನ್ನ, 60 ಗ್ರಾಂ ತರಕಾರಿ, 400 ಗ್ರಾಂ ಹಾಲನ್ನು ಸೇವಿಸುತ್ತದೆ. ಅನ್ನದಿಂದ 0.01, ತರಕಾರಿಯಿಂದ 0.03, ಹಾಲಿನಿಂದ 0.02, ಒಟ್ಟು 0.06 ಮಿಲಿಗ್ರಾಂ. ತಂದೆಗೆ ಸೇರಿದುದರಲ್ಲಿ ಇದು ಅರ್ಧ ಮಾತ್ರ. ಮಗುವಿಗೆ ಅಪಾಯವೂ ಅರ್ಧವೇ ಎಂದು ಯಾರಿಗಾದರೂ ತೋರಬಹುದು. ಆದರೆ 12ರಿಂದ ಭಾಗಿಸಿದರೆ ಕಿಲೋಗ್ರಾಮಿಗೆ 0.005 ಮಿಲಿಗ್ರಾಂ; ಎಂದರೆ ಮಿತಿಯ ಸರಿಯಾಗಿ ಅರ್ಧ ಪಾಲು. ಒಂದೇ ಒಲೆಯ ಅಡುಗೆ, ಒಂದೇ ಪಾತ್ರೆಯ ಹಾಲು. ಆದರೂ ಮಗುವಿನ ಒಡಲ ಮೇಲೆ ಬೀಳುವ ಹೊರೆಯು ತಂದೆಯ ಹೊರೆಗಿಂತ ಎರಡೂವರೆ ಪಟ್ಟು ಹೆಚ್ಚು.

ಮಗುವು ತಂದೆಯ ಕಿರಿಯ ಪ್ರತಿಬಿಂಬವಲ್ಲ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ತೂಕಕ್ಕೆ ಹೋಲಿಸಿದರೆ ಮಕ್ಕಳು ದೊಡ್ಡವರಿಗಿಂತ ಹೆಚ್ಚು ಉಣ್ಣುತ್ತಾರೆ. ಕೆಲವೇ ಬಗೆಯ ಆಹಾರವನ್ನು ಮತ್ತೆ ಮತ್ತೆ ಉಣ್ಣುತ್ತಾರೆ. ಅವರ ಮೆದುಳು, ನರಮಂಡಲಗಳು ಇನ್ನೂ ಬೆಳೆಯುತ್ತಿರುತ್ತವೆ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಲಿಯು 1993ರಲ್ಲಿ ಶಿಶುಗಳ ಮತ್ತು ಮಕ್ಕಳ ಆಹಾರದಲ್ಲಿನ ಕೀಟನಾಶಕಗಳನ್ನು ಕುರಿತು ಒಂದು ವರದಿಯನ್ನು ಪ್ರಕಟಿಸಿ, ದೊಡ್ಡವರನ್ನೇ ಮನಸ್ಸಿನಲ್ಲಿಟ್ಟು ಮಾಡುತ್ತಿದ್ದ ಲೆಕ್ಕವು ಸಾಲದೆಂದು ತೋರಿಸಿತು. ಅದರ ಫಲವಾಗಿ ಆ ದೇಶದಲ್ಲಿ 1996ರಲ್ಲಿ ಹೊಸ ಕಾನೂನು ಬಂದಿತು. ಮಕ್ಕಳ ವಿಷಯದಲ್ಲಿ ನಂಬಲರ್ಹವಾದ ಬೇರೆ ಆಧಾರವಿಲ್ಲದಿದ್ದರೆ ಮಿತಿಯನ್ನು ಮತ್ತೂ ಹತ್ತು ಪಟ್ಟು ಬಿಗಿ ಮಾಡಬೇಕೆಂದು ಅದು ವಿಧಿಸಿತು. ಒಂದೇ ರೀತಿಯಲ್ಲಿ ಕೇಡು ಮಾಡುವ ಹಲವು ಔಷಧಗಳನ್ನು ಬಿಡಿಬಿಡಿಯಾಗಿ ಎಣಿಸದೆ ಕೂಡಿಸಿ ಎಣಿಸಬೇಕೆಂದೂ ಹೇಳಿತು. ಮನೆಯ ಅತ್ಯಂತ ಚಿಕ್ಕವನನ್ನು ಕಾಪಾಡುವ ಮಿತಿಯು ಉಳಿದವರನ್ನೂ ಕಾಪಾಡುತ್ತದೆ ಎಂಬುದು ಈ ಕಾನೂನಿನ ತಿರುಳು.

ಬಾಳಿನುದ್ದದ ಲೆಕ್ಕವೊಂದೇ ಸಾಲದು. ಒಂದು ದಿನದ ಲೆಕ್ಕವೂ ಬೇಕು. ಪ್ಯಾರಾಥಿಯಾನ್ ವರ್ಗದ ಔಷಧಗಳು ನರಗಳ ಕೆಲಸವನ್ನು ಕೆಡಿಸುವುದು ಕೆಲವೇ ಗಂಟೆಗಳಲ್ಲಿ. ಇಂತಹ ಔಷಧಗಳಿಗೆ ಒಂದೇ ದಿನದಲ್ಲಿ ಮೀರಬಾರದ ಪ್ರಮಾಣವನ್ನು ಪ್ರತ್ಯೇಕವಾಗಿ ಗೊತ್ತು ಮಾಡುತ್ತಾರೆ. ಪ್ರಯೋಗಶಾಲೆಯಲ್ಲಿ ಹತ್ತಾರು ಗಜ್ಜರಿಗಳನ್ನು ಒಟ್ಟಿಗೆ ಅರೆದು ಪರೀಕ್ಷಿಸಿದರೆ ದೊರೆಯುವುದು ಅವುಗಳ ಸರಾಸರಿ. 1990ರ ದಶಕದಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಗಜ್ಜರಿಗಳನ್ನು ಒಂದೊಂದಾಗಿ ಪರೀಕ್ಷಿಸಿದಾಗ, ಕೆಲವದರಲ್ಲಿ ಶೇಷಾಂಶವು ಸರಾಸರಿಗಿಂತ ಹಲವು ಪಟ್ಟು ಹೆಚ್ಚಾಗಿರುವುದು ಕಂಡುಬಂದಿತು. ಮಗುವಿನ ಕೈಗೆ ಬರುವುದು ಸರಾಸರಿ ಗಜ್ಜರಿಯಲ್ಲ, ಒಂದು ಗಜ್ಜರಿ. ಆದುದರಿಂದ ಒಂದು ದಿನದ ಲೆಕ್ಕದಲ್ಲಿ ಈ ಏರುಪೇರನ್ನೂ ಗಮನಕ್ಕೆ ತಂದುಕೊಳ್ಳುತ್ತಾರೆ.

ಪತ್ರಿಕೆಗಳಲ್ಲಿ ಆಗಾಗ ಬರುವ ಇನ್ನೊಂದು ಮಾತು ಗರಿಷ್ಠ ಶೇಷಾಂಶ ಮಿತಿ. ಇದನ್ನೂ ಸ್ವೀಕಾರಾರ್ಹ ಸೇವನೆಯನ್ನೂ ಒಂದೇ ಎಂದು ತಿಳಿಯುವುದು ತಪ್ಪು. ಸ್ವೀಕಾರಾರ್ಹ ಸೇವನೆಯು ಮನುಷ್ಯನ ಒಡಲಿಗೆ ಸಂಬಂಧಿಸಿದುದು. ಗರಿಷ್ಠ ಶೇಷಾಂಶ ಮಿತಿಯು ಮಾರುಕಟ್ಟೆಗೆ ಬರುವ ಪದಾರ್ಥಕ್ಕೆ ಸಂಬಂಧಿಸಿದುದು. ರೈತನು ಹೇಳಿದ ಔಷಧವನ್ನು ಹೇಳಿದಷ್ಟೇ ಸಿಂಪಡಿಸಿ, ಹೇಳಿದಷ್ಟು ದಿನ ಕಾದು ಕೊಯ್ದರೆ ಉಳಿಯಬಹುದಾದ ಶೇಷಾಂಶವನ್ನು ನೋಡಿಕೊಂಡು, ಅದು ಉಣ್ಣುವವರ ಕ್ಷೇಮಕ್ಕೆ ವಿರೋಧವಲ್ಲವೆಂದು ಖಚಿತ ಮಾಡಿಕೊಂಡು ಈ ಮಿತಿಯನ್ನು ವಿಧಿಸುತ್ತಾರೆ. ಒಂದು ಬುಟ್ಟಿ ದ್ರಾಕ್ಷಿಯು ಈ ಮಿತಿಯನ್ನು ಮೀರಿದರೆ ತೋಟದಲ್ಲಿ ನಿಯಮವು ಮುರಿದಿದೆಯೆಂದು ಅರ್ಥ. ತಿಂದವರೆಲ್ಲರೂ ರೋಗಿಗಳಾಗುತ್ತಾರೆಂದು ಅರ್ಥವಲ್ಲ. ಹಾಗೆಂದು ನಿಯಮಭಂಗವನ್ನು ಲಘುವಾಗಿ ಕಾಣುವಂತಿಲ್ಲ. ನಿಯಮವು ದಿನವೂ ಮುರಿಯುವ ಕಡೆ ಕ್ಷೇಮವು ಬಹುಕಾಲ ಉಳಿಯದು.

ಹೊಲದ ಬೆಳೆಯು ಹಾಗೆಯೇ ಬಾಯಿಗೆ ಬರುವುದಿಲ್ಲ; ತೊಳೆದು, ಸಿಪ್ಪೆ ಸುಲಿದು, ಬೇಯಿಸಿ ಉಣ್ಣುತ್ತಾರೆ. ಹರಿಯುವ ನೀರಿನಲ್ಲಿ ಉಜ್ಜಿ ತೊಳೆದರೆ ಮೇಲ್ಮೈಯಲ್ಲಿ ಅಂಟಿದ ಶೇಷಾಂಶದ ಸ್ವಲ್ಪ ಭಾಗ ಹೋಗುತ್ತದೆ. ಎಲೆಕೋಸಿನ ಹೊರಗಿನ ಎಲೆಗಳನ್ನು ತೆಗೆದುಹಾಕಿದರೆ, ಹಣ್ಣಿನ ಸಿಪ್ಪೆಯನ್ನು ಸುಲಿದರೆ ಇನ್ನಷ್ಟು ಹೋಗುತ್ತದೆ. ಆದರೆ ಬೇರಿನಿಂದ ಹೀರಲ್ಪಟ್ಟು ಗಿಡದ ರಸದಲ್ಲಿ ಸಂಚರಿಸುವ ಔಷಧಗಳು ತೊಳೆಯುವುದರಿಂದ ಹೋಗುವುದಿಲ್ಲ. ಇನ್ನು ಕೆಲವು ಕಡೆ ಸಂಸ್ಕರಣದಿಂದ ಶೇಷಾಂಶದ ಸಾಂದ್ರತೆಯು ಹೆಚ್ಚುವುದೂ ಉಂಟು. ಹಾಲಿನಲ್ಲಿ ತೆಳುವಾಗಿದ್ದ ಕೊಬ್ಬಿನಲ್ಲಿ ಕರಗುವ ವಿಷವು ತುಪ್ಪದಲ್ಲಿ ದಟ್ಟವಾಗುತ್ತದೆ. ಆದುದರಿಂದ ಸಂತೆಯ ಪದಾರ್ಥವನ್ನು ಮಾತ್ರ ಪರೀಕ್ಷಿಸಿದರೆ ಲೆಕ್ಕವು ಪೂರ್ತಿಯಾಗುವುದಿಲ್ಲ. ಅಮೆರಿಕದಲ್ಲಿ 1961ರಿಂದ ನಡೆದುಬಂದಿರುವ ಪೂರ್ಣ ಆಹಾರ ಅಧ್ಯಯನದಲ್ಲಿ ಅಂಗಡಿಗಳಿಂದ ಪದಾರ್ಥಗಳನ್ನು ಕೊಂಡು, ಮನೆಯಲ್ಲಿ ಮಾಡುವಂತೆಯೇ ಅಡುಗೆ ಮಾಡಿ, ಉಣ್ಣಲು ಸಿದ್ಧವಾದ ಆಹಾರವನ್ನು ಪರೀಕ್ಷಿಸುತ್ತಾರೆ.

ಭಾರತದಲ್ಲಿಯೂ ಈ ದಿಕ್ಕಿನಲ್ಲಿ ಹೆಜ್ಜೆಗಳನ್ನು ಇಡಲಾಗಿದೆ. ಮೈಸೂರಿನಲ್ಲಿ 1950ರಲ್ಲಿ ಸ್ಥಾಪಿತವಾದ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯವು ಧಾನ್ಯಗಳನ್ನು ಕೀಟಗಳಿಂದ ಕಾಪಾಡುವ ವಿಧಾನಗಳನ್ನೂ ಆಹಾರದಲ್ಲಿನ ಶೇಷಾಂಶಗಳನ್ನೂ ಕುರಿತು ಸಂಶೋಧನೆ ಮಾಡಿದೆ. ತಂಪು ಪಾನೀಯಗಳಲ್ಲಿ ಶೇಷಾಂಶಗಳಿವೆಯೆಂಬ ಸುದ್ದಿಯು 2003ರಲ್ಲಿ ದೇಶದಾದ್ಯಂತ ಕೋಲಾಹಲವೆಬ್ಬಿಸಿದಾಗ, ಸಂಸತ್ತಿನ ಜಂಟಿ ಸಮಿತಿಯೊಂದು ಅದನ್ನು ವಿಚಾರಣೆ ಮಾಡಿ 2004ರಲ್ಲಿ ವರದಿ ಕೊಟ್ಟಿತು. ಆಹಾರ ಪದಾರ್ಥಗಳ ಶೇಷಾಂಶವನ್ನು ದೇಶದ ಮಟ್ಟದಲ್ಲಿ ಪರೀಕ್ಷಿಸುವ ಯೋಜನೆಯು 2005–06ರಲ್ಲಿ ಮೊದಲಾಯಿತು. 2006ರಲ್ಲಿ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಅಧಿನಿಯಮವು ಅಂಗೀಕಾರವಾಯಿತು. ಅದರಂತೆ ರಚಿತವಾದ ಪ್ರಾಧಿಕಾರವು ಆಹಾರಗಳಲ್ಲಿನ ಶೇಷಾಂಶಗಳಿಗೆ ಮಿತಿಗಳನ್ನು ವಿಧಿಸುತ್ತದೆ.

ಆದರೆ ಕಾನೂನು ಪುಸ್ತಕದಲ್ಲಿದ್ದರೆ ಸಾಲದು, ಹೊಲದಲ್ಲಿಯೂ ಇರಬೇಕು. ಔಷಧದ ಡಬ್ಬಿಯ ಮೇಲೆ ಅಚ್ಚಾಗಿರುವ ಗುರುತಿನಲ್ಲಿ ಕೆಂಪು ಬಣ್ಣವಿದ್ದರೆ ಅದು ಅತ್ಯಂತ ಉಗ್ರವಾದ ವಿಷ. ಹಳದಿ, ನೀಲಿ, ಹಸಿರು ಬಣ್ಣಗಳು ಕ್ರಮವಾಗಿ ಕಡಿಮೆಯಾಗುವ ವಿಷವನ್ನು ಸೂಚಿಸುತ್ತವೆ. ಕೊನೆಯ ಸಿಂಪಡಣೆಗೂ ಕೊಯ್ಲಿಗೂ ನಡುವೆ ಎಷ್ಟು ದಿನ ಕಾಯಬೇಕೆಂಬುದನ್ನೂ ತಯಾರಕರು ತಿಳಿಸಿರುತ್ತಾರೆ. ಬೆಲೆ ಏರಿದೆಯೆಂದು ನಿನ್ನೆ ಸಿಂಪಡಿಸಿದ ಬದನೆಕಾಯಿಯನ್ನು ಇಂದು ಕೊಯ್ದು ಸಂತೆಗೆ ಸಾಗಿಸಿದರೆ, ಬಿಸಿಲು ಗಾಳಿಗಳು ಮಾಡಬೇಕಾಗಿದ್ದ ಕೆಲಸವನ್ನು ಉಣ್ಣುವವರ ಒಡಲು ಮಾಡಬೇಕಾಗುತ್ತದೆ. ಹಳ್ಳಿಯ ಎಷ್ಟೋ ಮನೆಗಳಲ್ಲಿ ಈ ಡಬ್ಬಿಯ ಸಣ್ಣ ಅಕ್ಷರಗಳನ್ನು ಓದಬಲ್ಲವನು ಶಾಲೆಗೆ ಹೋಗುವ ಹುಡುಗನೋ ಹುಡುಗಿಯೋ ಆಗಿರಬಹುದು. ಅವರು ಅದನ್ನು ಓದಿ ಹಿರಿಯರಿಗೆ ಹೇಳಿದರೆ, ಕಲಿತ ಅಕ್ಷರವು ಒಂದು ಜೀವವನ್ನು ಕಾಯಬಹುದು. ಸಿಂಪಡಿಸುವವನ ಮೈಗೆ ತಗುಲುವ ವಿಷವು ಉಣ್ಣುವವನಿಗೆ ಸೇರುವುದಕ್ಕಿಂತ ಸಾಮಾನ್ಯವಾಗಿ ಎಷ್ಟೋ ಹೆಚ್ಚು ಎಂಬುದನ್ನೂ ಮರೆಯಬಾರದು.

ಶೇಷಾಂಶದ ಭಯದಿಂದ ಹಣ್ಣು, ಸೊಪ್ಪು, ತರಕಾರಿಗಳನ್ನು ಬಿಡುವುದು ಮಾತ್ರ ಎಂದಿಗೂ ಸಲ್ಲದು. ಅವುಗಳಿಂದ ಶರೀರಕ್ಕೆ ದೊರೆಯುವ ಜೀವಸತ್ವ, ಖನಿಜ, ನಾರುಗಳು ಬೇರೆ ಕಡೆ ಸುಲಭವಾಗಿ ದೊರೆಯವು. ಬಗೆಬಗೆಯ ಆಹಾರವನ್ನು ಬದಲಾಯಿಸಿ ಉಣ್ಣುವವನಿಗೆ ಪೋಷಣೆಯೂ ಹೆಚ್ಚು. ಯಾವುದೋ ಒಂದು ಔಷಧದ ಶೇಷಾಂಶವೇ ದಿನವೂ ಸೇರುವ ಸಂಭವವೂ ಕಡಿಮೆ.

ಹಿಂದಿನ ಕಾಲದಲ್ಲಿ ಉಣ್ಣುವವನು ಬೆಳೆದವನನ್ನು ಬಲ್ಲವನಾಗಿದ್ದನು. ಈಗ ಒಂದು ಊರಿನ ಬೆಳೆಯು ನೂರಾರು ಮೈಲಿ ದೂರದ ಊರಿನ ಎಲೆಗೆ ಬಂದು ಬೀಳುತ್ತದೆ. ಬೆಳೆದವನ ಮುಖವು ಉಣ್ಣುವವನಿಗೆ ಕಾಣದು. ಉಣ್ಣುವ ಮಗುವಿನ ಮುಖವು ಬೆಳೆದವನಿಗೆ ಕಾಣದು. ಹೀಗೆ ಒಬ್ಬರನ್ನೊಬ್ಬರು ಕಾಣದವರ ನಡುವೆ ನಂಬಿಕೆಯನ್ನು ಉಳಿಸುವುದು ಪ್ರಾಮಾಣಿಕವಾದ ಅಳತೆಯೊಂದೇ. ಕೇರಳದ ಆ ಮನೆಗಳಲ್ಲಿ ಹಿಟ್ಟನ್ನು ಕಲಸಿದ ತಾಯಂದಿರಿಗೆ ಅದರೊಳಗೆ ಏನಿದೆಯೆಂದು ತಿಳಿಯುವ ಯಾವ ಉಪಾಯವೂ ಇರಲಿಲ್ಲ. ಇಂದು ಆ ಉಪಾಯವಿದೆ. ಅದನ್ನು ಬಳಸಿ, ಮನೆಯ ಅತ್ಯಂತ ಚಿಕ್ಕ ಮಗುವಿನ ತೂಕದಿಂದ ತುತ್ತಿನ ಲೆಕ್ಕವನ್ನು ಇಡುವ ಸಮಾಜವೇ ತನ್ನ ಅನ್ನವನ್ನು ಗೌರವಿಸುವ ಸಮಾಜ.

ಅಭ್ಯಾಸ

1. 1958ರಲ್ಲಿ ಕೇರಳದಲ್ಲಿ ನಡೆದ ದುರಂತಕ್ಕೆ ಕಾರಣವೇನು? ಅದರಿಂದ ದೇಶದಲ್ಲಿ ಯಾವ ಬದಲಾವಣೆಯಾಯಿತು?
2. ಡಿ.ಡಿ.ಟಿ.ಯ ಗುಣವೇ ಅದರ ದೋಷವೂ ಆದುದು ಹೇಗೆ?
3. ‘ಕಂಡುಬಂದಿಲ್ಲ ಎಂಬುದಕ್ಕೂ ಇಲ್ಲ ಎಂಬುದಕ್ಕೂ ವ್ಯತ್ಯಾಸವಿದೆ.’ ಈ ಮಾತನ್ನು ವಿವರಿಸಿರಿ.
4. ಗರಿಷ್ಠ ಶೇಷಾಂಶ ಮಿತಿಗೂ ಸ್ವೀಕಾರಾರ್ಹ ದೈನಂದಿನ ಸೇವನೆಗೂ ಇರುವ ವ್ಯತ್ಯಾಸವನ್ನು ತಿಳಿಸಿರಿ.
5. ಪಾಠದ ಉದಾಹರಣೆಯಲ್ಲಿ ಹೇಳಿದ ಅನ್ನ, ತರಕಾರಿ, ಹಾಲುಗಳನ್ನೇ 20 ಕಿಲೋಗ್ರಾಂ ತೂಕದ ಬಾಲಕಿಯೊಬ್ಬಳು ಕ್ರಮವಾಗಿ 300, 100, 300 ಗ್ರಾಂನಂತೆ ಸೇವಿಸುತ್ತಾಳೆ. ಆಕೆಗೆ ಸೇರುವ ಶೇಷಾಂಶವು ಮಿತಿಯ ಎಷ್ಟನೆಯ ಪಾಲು ಎಂಬುದನ್ನು ಲೆಕ್ಕ ಮಾಡಿರಿ.
6. ನಿಮ್ಮ ಮನೆಯಲ್ಲಿ ಒಂದು ದಿನ ಉಣ್ಣುವ ಆಹಾರಗಳ ಪಟ್ಟಿಯನ್ನು ತೂಕದೊಡನೆ ಬರೆಯಿರಿ. ನಿಮ್ಮ ಊಟಕ್ಕೂ ಮನೆಯ ಅತ್ಯಂತ ಚಿಕ್ಕ ಮಗುವಿನ ಊಟಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸಿರಿ.